ಕಡೆಯ ದವಡೆಹಲ್ಲು: ನಂಜನಗೂಡು–ತಿರುಮಕೂಡಲು ನರಸೀಪುರ ಸೀಮೆಯ ದಂತವೈದ್ಯ ಚರಿತ್ರೆಯ ಒಂದು ವಿಚಾರ

ಮನುಷ್ಯನ ಬಾಯಲ್ಲಿ ಎಲ್ಲಕ್ಕೂ ಕಡೆಯಲ್ಲಿ ಹುಟ್ಟಿ, ಎಲ್ಲಕ್ಕಿಂತ ಹೆಚ್ಚಿನ ಸಂಕಟವನ್ನು ಕೊಡುವ ಹಲ್ಲು ಒಂದುಂಟು. ಅದನ್ನು ಜನರು ಬುದ್ಧಿಹಲ್ಲೆಂದು ಕರೆಯುತ್ತಾರೆ. ಶಾಸ್ತ್ರಜ್ಞರು ಮೂರನೆಯ ದವಡೆಹಲ್ಲೆನ್ನುತ್ತಾರೆ. ಇಷ್ಟು ಸಣ್ಣ ಅವಯವವೊಂದು ಚರಿತ್ರೆಯ ವ್ಯಾಸಂಗಕ್ಕೆ ವಿಷಯವಾದೀತೆ ಎಂಬ ಶಂಕೆ ವಾಚಕರಲ್ಲಿ ಮೂಡುವುದು ಸಹಜವೇ. ಆದರೆ ರಾಜರ ಕಾಳಗ, ದತ್ತಿಗಳಂತೆ ಜನಸಾಮಾನ್ಯರ ನೋವೂ ಅದರ ಪರಿಹಾರಕ್ಕಾಗಿ ಅವರು ಮಾಡಿದ ಪ್ರಯತ್ನವೂ ಚರಿತ್ರೆಯ ಅಂಗವೇ ಆಗಿದೆ. ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳು ಈ ವಿಚಾರಕ್ಕೆ ವಿಶೇಷವಾದ ಅನುಕೂಲವನ್ನು ಒದಗಿಸುತ್ತವೆ. ಒಂದೆಡೆ, ನರಸೀಪುರದ ಸಂಗಮದ ದಡದಲ್ಲಿ ನವಶಿಲಾಯುಗದ ಜನರ ಸಮಾಧಿಗಳು ದೊರೆತಿವೆ. ಮತ್ತೊಂದೆಡೆ, ನಂಜನಗೂಡಿನ ಹೆಸರು ಹಲ್ಲುಪುಡಿಯ ಮೂಲಕವೇ ಕನ್ನಡನಾಡಿನ ಮನೆಮನೆಗೆ ಪರಿಚಿತವಾಗಿದೆ. ಇವೆರಡರ ನಡುವಣ ದೀರ್ಘಕಾಲವನ್ನು ಸಂಸ್ಕೃತ ವೈದ್ಯಗ್ರಂಥಗಳ ಪರಂಪರೆ ತುಂಬುತ್ತದೆ. ಈ ಮೂರು ಬಗೆಯ ಆಧಾರಗಳನ್ನು ಒಟ್ಟಿಗೆ ಇಟ್ಟುಕೊಂಡು, ಕಡೆಯ ದವಡೆಹಲ್ಲಿನ ಬಗೆಗೆ ನಮ್ಮ ಪೂರ್ವಿಕರು ಏನನ್ನು ಬಲ್ಲವರಾಗಿದ್ದರು, ಆ ಅರಿವಿನಲ್ಲಿ ಉಳಿದುದೇನು, ಅಳಿದುದೇನು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಹಲ್ಲಿನ ರಚನೆ ಮತ್ತು ಸ್ಥಾನ

ಐತಿಹಾಸಿಕ ವಿಚಾರಕ್ಕೆ ತೊಡಗುವ ಮೊದಲು ಶಾರೀರದ ಕೆಲವು ಅಂಶಗಳನ್ನು ಸಂಗ್ರಹವಾಗಿ ಹೇಳಬೇಕಾಗುತ್ತದೆ. ಹಾಲುಹಲ್ಲುಗಳು ೨೦, ಶಾಶ್ವತ ದಂತಗಳು ೩೨. ಬಾಯಿಯ ಒಂದೊಂದು ಪಾರ್ಶ್ವದಲ್ಲಿ, ಮೇಲೆ ಎಂಟು ಕೆಳಗೆ ಎಂಟರಂತೆ, ಎರಡು ಬಾಚಿಹಲ್ಲು, ಒಂದು ಕೋರೆಹಲ್ಲು, ಎರಡು ಕಿರುದವಡೆಹಲ್ಲು, ಮೂರು ದವಡೆಹಲ್ಲುಗಳಿರುತ್ತವೆ. ಈ ಮೂರರಲ್ಲಿ ಮೊದಲನೆಯದು ಸುಮಾರು ೬ನೆಯ ವಯಸ್ಸಿನಲ್ಲಿಯೂ ಎರಡನೆಯದು ಸುಮಾರು ೧೨ನೆಯ ವಯಸ್ಸಿನಲ್ಲಿಯೂ ಮೂಡುತ್ತವೆ. ಮೂರನೆಯದು ಸಾಮಾನ್ಯವಾಗಿ ೧೭ರಿಂದ ೨೧ರವರೆಗೆ, ಕೆಲವೊಮ್ಮೆ ೨೫ರವರೆಗೂ ತಡೆದು ಬರುತ್ತದೆ. ದವಡೆಯೊಳಗೆ ಅದು ಗಟ್ಟಿಯಾಗಲು ಆರಂಭಿಸುವುದು ೮ರಿಂದ ೧೦ನೆಯ ವಯಸ್ಸಿನಲ್ಲಿ. ಅದರ ತಲೆಯ ಭಾಗ ೧೨ರಿಂದ ೧೬ರೊಳಗೆ ಪೂರ್ಣವಾಗುತ್ತದೆ. ಬೇರುಗಳು ೧೮ರಿಂದ ೨೫ರೊಳಗೆ ಮುಗಿಯುತ್ತವೆ. ಅಂದರೆ, ಈ ಹಲ್ಲಿನ ನಿರ್ಮಾಣ ಬಾಲ್ಯದಿಂದ ಯೌವನದವರೆಗೆ ಸಾಗುವ ಕಾರ್ಯವಾಗಿದೆ.

ಕೆಳದವಡೆಯಲ್ಲಿ ಈ ಹಲ್ಲಿನ ಸ್ಥಾನ ಇಕ್ಕಟ್ಟಿನದು. ಹಿಂದೆ ದವಡೆಯ ಮೂಳೆ ಮೇಲಕ್ಕೆ ತಿರುಗಿ ಏರುತ್ತದೆ. ಮುಂದೆ ಎರಡನೆಯ ದವಡೆಹಲ್ಲು ಮೊದಲೇ ಸ್ಥಳವನ್ನು ಹಿಡಿದಿರುತ್ತದೆ. ಕೆಳಗೆ, ಬೇರಿನ ತುದಿಗೆ ಬಲು ಸಮೀಪದಲ್ಲಿ, ಕೆಳತುಟಿಗೆ ಮತ್ತು ಗಲ್ಲಕ್ಕೆ ಸ್ಪರ್ಶಜ್ಞಾನವನ್ನು ಕೊಡುವ ನರ ಮೂಳೆಯ ಕಾಲುವೆಯೊಳಗೆ ಹರಿಯುತ್ತದೆ. ಒಳಪಕ್ಕದಲ್ಲಿ ನಾಲಗೆಯ ನರ ಮೂಳೆಗೆ ಒತ್ತಿಕೊಂಡೇ ಸಾಗುತ್ತದೆ. ಸ್ಥಳ ಸಾಲದೆ ಬಂದಾಗ ಹಲ್ಲು ನೇರವಾಗಿ ಏಳದೆ ಮುಂದಕ್ಕೋ ಹಿಂದಕ್ಕೋ ವಾಲಿ, ಕೆಲವೊಮ್ಮೆ ಸಂಪೂರ್ಣವಾಗಿ ಅಡ್ಡಬಿದ್ದು, ಮೂಳೆಯಲ್ಲಿ ಸಿಲುಕಿಕೊಳ್ಳುತ್ತದೆ. ಹೀಗೆ ವಾಲಿದ ಹಲ್ಲುಗಳನ್ನು ದಿಕ್ಕಿನ ಪ್ರಕಾರ ವಿಂಗಡಿಸಿದ ಕ್ರಮವನ್ನು ೧೯೨೬ರಲ್ಲಿ ಅಮೆರಿಕದ ಜಾರ್ಜ್ ವಿಂಟರ್ ಎಂಬ ವೈದ್ಯನು ಪ್ರಕಟಿಸಿದನು. ಅದು ಇಂದಿಗೂ ದಂತವೈದ್ಯ ವಿದ್ಯಾರ್ಥಿಗಳ ಮೊದಲ ಪಾಠವಾಗಿದೆ. ಲೋಕದ ಜನರಲ್ಲಿ ಸುಮಾರು ಐದರಲ್ಲೊಂದು ಪಾಲು ಮಂದಿಗೆ ಈ ನಾಲ್ಕರಲ್ಲಿ ಒಂದಾದರೂ ಹಲ್ಲು ಹುಟ್ಟುವುದೇ ಇಲ್ಲವೆಂಬುದು ಕೂಡ ಗಮನಾರ್ಹವಾದ ಸಂಗತಿ.

ಅರ್ಧ ಮಾತ್ರ ಮೂಡಿದ ಹಲ್ಲಿನ ಮೇಲೆ ಒಸಡಿನ ಮಾಂಸ ಮುಚ್ಚಳದಂತೆ ಉಳಿದುಕೊಳ್ಳುತ್ತದೆ. ಅದರ ಕೆಳಗೆ ಆಹಾರದ ಕಣಗಳು ಸೇರಿ ಕೊಳೆತು, ಬಾವು, ಕೀವು, ಜ್ವರ, ಬಾಯಿ ತೆರೆಯಲಾಗದ ಬಿಗಿತ, ನುಂಗಲು ಕಷ್ಟ, ಕಿವಿಯವರೆಗೆ ಸಿಡಿಯುವ ನೋವು ಇವು ತಲೆದೋರುತ್ತವೆ. ಈ ರೋಗವನ್ನು ಇಂದಿನ ವೈದ್ಯರು ಪೆರಿಕೊರೊನೈಟಿಸ್ ಎನ್ನುತ್ತಾರೆ. ಮುಂದಿನ ವಿಚಾರಕ್ಕೆ ಈ ಲಕ್ಷಣಗಳ ಪಟ್ಟಿಯೇ ಆಧಾರವಾಗುವುದರಿಂದ ವಾಚಕರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

೨. ಸಂಗಮದ ದಡದ ಸಮಾಧಿಗಳು

ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲು ಭಕ್ತರಿಗೆ ಅಗಸ್ತ್ಯೇಶ್ವರನ ಮತ್ತು ಗುಂಜಾನರಸಿಂಹಸ್ವಾಮಿಯ ಕ್ಷೇತ್ರವೆಂದು ಪರಿಚಿತವಾದುದು. ಆದರೆ ದೇವಾಲಯಗಳಿಗಿಂತ ಬಹುಮುಂಚೆಯೇ ಇಲ್ಲಿ ಜನವಸತಿಯಿತ್ತು. ೧೯೫೯ರಿಂದ ಮೊದಲ್ಗೊಂಡು ೧೯೬೫ರವರೆಗೆ ಡಾ. ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ಇಲ್ಲಿ ಹಲವು ಸಲ ಉತ್ಖನನಗಳು ನಡೆದುವು. ಅವುಗಳ ವರದಿ ೧೯೭೧ರಲ್ಲಿ ಪ್ರಕಟವಾಯಿತು. ನವಶಿಲಾಯುಗದ ಕಲ್ಲಿನ ಕೊಡಲಿಗಳು, ಮಡಕೆಗಳು, ಅವುಗಳೊಡನೆ ಮನುಷ್ಯರ ಸಮಾಧಿಗಳು ಇಲ್ಲಿ ದೊರೆತುವು. ಮಣ್ಣಿನಿಂದ ಮಾಡಿ ಸುಟ್ಟ ತಲೆಯಾಸರೆಯೊಂದು ಸಿಕ್ಕಿದುದು ವಿದ್ವಾಂಸರ ಗಮನವನ್ನು ವಿಶೇಷವಾಗಿ ಸೆಳೆಯಿತು. ಇಂಥ ತಲೆಯಾಸರೆಗಳು ಪ್ರಾಚೀನ ಈಜಿಪ್ಟಿನಲ್ಲಿ ಪ್ರಸಿದ್ಧವಾಗಿದ್ದುವು. ಈ ವಸತಿಯ ಕಾಲ ಕ್ರಿ. ಪೂ. ಎರಡನೆಯ ಸಹಸ್ರಮಾನಕ್ಕೆ ಸೇರಿದುದು.

ಇಂಥ ಸಮಾಧಿಯಲ್ಲಿ ಮಲಗಿರುವವನ ಹೆಸರನ್ನು ತಿಳಿಯಲು ಸಾಧ್ಯವಿಲ್ಲ. ಆದರೆ ಅವನು ಎಷ್ಟು ವರ್ಷ ಬದುಕಿದನೆಂಬುದನ್ನು ಅವನ ಹಲ್ಲುಗಳು ಸ್ಥೂಲವಾಗಿ ಹೇಳಬಲ್ಲುವು. ಶರೀರದ ಭಾಗಗಳಲ್ಲಿ ಹಲ್ಲಿನ ಹೊರಕವಚದಷ್ಟು ಗಟ್ಟಿಯಾದುದು ಬೇರೊಂದಿಲ್ಲ. ಮೂಳೆ ಕರಗಿಹೋದ ಮಣ್ಣಿನಲ್ಲಿಯೂ ಹಲ್ಲು ಉಳಿದಿರುತ್ತದೆ. ಎರಡನೆಯ ದವಡೆಹಲ್ಲು ಮೂಡಿ, ಮೂರನೆಯದು ಇನ್ನೂ ಮೂಳೆಯೊಳಗೇ ಇದ್ದು, ಅದರ ಬೇರು ಬೆಳೆಯುತ್ತಲಿದ್ದರೆ ಆ ವ್ಯಕ್ತಿ ಹದಿಹರೆಯದವನೆಂದು ಹೇಳಬಹುದು. ಮೂರನೆಯದು ಸಾಲಿಗೆ ಬಂದು, ಬೇರಿನ ತುದಿ ಮುಚ್ಚಿದ್ದರೆ ಅವನು ಪ್ರಾಪ್ತವಯಸ್ಕನು. ಅದರ ಮೇಲ್ಮೈ ಸವೆದಿದ್ದರೆ, ಆ ಸವೆತದ ಪ್ರಮಾಣದಿಂದ ಮುಂದಿನ ವಯಸ್ಸನ್ನು ಅಂದಾಜು ಮಾಡಲಾಗುತ್ತದೆ.

ಈ ವಿಧಾನ ನಮ್ಮ ರೈತರಿಗೆ ಹೊಸದಲ್ಲ. ನರಸೀಪುರ ತಾಲ್ಲೂಕಿನ ಮುಡುಕುತೊರೆಯ ಜಾತ್ರೆಯಲ್ಲಿ ದನಗಳ ವ್ಯಾಪಾರ ಹಿಂದಿನಿಂದಲೂ ಹೆಸರಾದುದು. ಎತ್ತನ್ನು ಕೊಳ್ಳುವವನು ಮೊದಲು ಅದರ ಬಾಯಿ ಬಿಡಿಸಿ ನೋಡುತ್ತಾನೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ಎಂದು ಎಣಿಸಿ, ಬಾಯಿಗೂಡಿದೆಯೇ ಇಲ್ಲವೇ ಎಂಬುದನ್ನು ನಿಶ್ಚಯಿಸುತ್ತಾನೆ. ಎತ್ತಿನ ವಯಸ್ಸನ್ನು ಅದರ ಒಡೆಯನ ಮಾತಿನಿಂದಲ್ಲದೆ ಬಾಯಿಂದಲೇ ತಿಳಿಯುವ ಈ ರೈತನೂ, ತಲೆಬುರುಡೆಯ ದವಡೆಯನ್ನು ಪರೀಕ್ಷಿಸುವ ಶಾಸ್ತ್ರಜ್ಞನೂ ಅನುಸರಿಸುವ ತತ್ತ್ವ ಒಂದೇ ಆಗಿದೆ.

ಪ್ರಾಚೀನರ ದವಡೆಯ ಅಧ್ಯಯನದಿಂದ ತಿಳಿಯುವ ಇನ್ನೊಂದು ಅಂಶವಿದೆ. ದಕ್ಷಿಣದ ನವಶಿಲಾಯುಗದ ಜನರು ಹುರುಳಿ, ಹೆಸರು, ಕಿರುಧಾನ್ಯಗಳನ್ನು ಬೆಳೆದು, ಒರಳುಕಲ್ಲುಗಳಲ್ಲಿ ಅರೆದು ತಿನ್ನುತ್ತಿದ್ದರು. ಕಲ್ಲಿನ ಪುಡಿ ಬೆರೆತ ಒರಟಾದ ಆಹಾರವನ್ನು ಅಗಿಯುವ ಜನರಲ್ಲಿ ಹಲ್ಲುಗಳು ಮೇಲ್ಭಾಗದಲ್ಲಿ ಮಾತ್ರವಲ್ಲ, ಒಂದಕ್ಕೊಂದು ತಗಲುವ ಪಕ್ಕಗಳಲ್ಲಿಯೂ ಸವೆಯುತ್ತವೆ. ಹೀಗೆ ಸವೆದಾಗ ಸಾಲು ಮುಂದಕ್ಕೆ ಸರಿದು, ಕಡೆಯ ಹಲ್ಲಿಗೆ ಸ್ಥಳ ದೊರೆಯುತ್ತದೆ. ಬಾಲ್ಯದಿಂದ ಬಲವಾಗಿ ಅಗಿದ ದವಡೆಯ ಬೆಳವಣಿಗೆಯೂ ಹೆಚ್ಚಾಗಿರುತ್ತದೆ. ಮೆದುವಾದ ಅಡಿಗೆ, ನುಣುಪಾದ ಹಿಟ್ಟು ಬಂದಮೇಲೆ ಈ ಎರಡು ಅನುಕೂಲಗಳೂ ಕಡಮೆಯಾದುವು. ಸಿಲುಕಿದ ಬುದ್ಧಿಹಲ್ಲು ಬಹುಮಟ್ಟಿಗೆ ನಾಗರಿಕತೆಯ ಜೊತೆಗೆ ಬೆಳೆದ ತೊಂದರೆಯೆಂದು ವಿದ್ವಾಂಸರು ಹೇಳುವುದಕ್ಕೆ ಕಾರಣ ಇದು. ಆದರೆ ಆಹಾರವೊಂದೇ ಕಾರಣವಲ್ಲ. ದವಡೆಯ ಅಳತೆಯಲ್ಲಿಯೂ ಹಲ್ಲಿನ ಅಳತೆಯಲ್ಲಿಯೂ ವಂಶಗುಣದ ಪಾತ್ರವಿದೆಯೆಂಬುದನ್ನು ಮರೆಯಲಾಗದು.

೩. ಹೆಸರಿನ ವಿಚಾರ

ವಯಸ್ಸಿಗೂ ವಿವೇಕಕ್ಕೂ ಇರುವ ನಂಟಿನಿಂದ ಈ ಹಲ್ಲಿಗೆ ಹೆಸರು ಬಂದಿರುವುದು ಸ್ಪಷ್ಟವೇ ಆಗಿದೆ. ಲ್ಯಾಟಿನಿನಲ್ಲಿ ಇದು ವಿವೇಕದ ದಂತ. ಪಾರಸಿ, ಅರಬ್ಬೀ ಭಾಷೆಗಳಲ್ಲಿಯೂ ಅದೇ ಅರ್ಥದ ಹೆಸರುಗಳಿವೆ. ಹಿಂದೂಸ್ತಾನಿಯಲ್ಲಿ ಇದು ಅಕಲ್ ದಾಢ್. ಜಪಾನೀ ಭಾಷೆಯ ಹೆಸರು ಬೇರೊಂದು ಭಾವವನ್ನು ಸೂಚಿಸುತ್ತದೆ: ತಂದೆತಾಯಿಗಳಿಗೆ ತಿಳಿಯದ ಹಲ್ಲು. ಮಕ್ಕಳು ಮನೆಬಿಟ್ಟ ವಯಸ್ಸಿನಲ್ಲಿ ಅದು ಮೂಡುವುದೆಂಬ ಅಭಿಪ್ರಾಯ ಅದರಲ್ಲಿ ಅಡಗಿದೆ. ಗ್ರೀಕ್ ತತ್ತ್ವಜ್ಞಾನಿಯಾದ ಅರಿಸ್ಟಾಟಲನು ತನ್ನ ಪ್ರಾಣಿಶಾಸ್ತ್ರಗ್ರಂಥದಲ್ಲಿ, ಈ ಹಲ್ಲು ಸ್ತ್ರೀಪುರುಷರಿಬ್ಬರಿಗೂ ೨೦ನೆಯ ವಯಸ್ಸಿನಲ್ಲಿ ಬರುತ್ತದೆಯೆಂದೂ, ೮೦ ದಾಟಿದ ವೃದ್ಧೆಯರಿಗೆ ಬಾಳಿನ ಕಡೆಯಲ್ಲಿ ಬಹಳ ನೋವಿನೊಡನೆ ಮೂಡಿದ ಸಂದರ್ಭಗಳುಂಟೆಂದೂ ಬರೆದಿದ್ದಾನೆ.

ಸಂಸ್ಕೃತ ವೈದ್ಯಗ್ರಂಥಗಳ ದೃಷ್ಟಿ ಇದಕ್ಕಿಂತ ಭಿನ್ನವಾದುದು. ಅಲ್ಲಿ ಈ ಹಲ್ಲನ್ನು ಬುದ್ಧಿಯೊಡನೆ ಜೋಡಿಸದೆ, ಅದರ ಸ್ಥಾನದಿಂದಲೇ ಗುರುತಿಸುತ್ತಾರೆ: ದವಡೆಯ ಹಿಂಬದಿಯ ಹಲ್ಲು, ಸಾಲಿನ ತುದಿಯ ಹಲ್ಲು ಎಂದು. ಚರಕಸಂಹಿತೆ ೩೨ ದಂತಗಳನ್ನೂ ಅವುಗಳಿಗೆ ೩೨ ಕುಳಿಗಳನ್ನೂ ಎಣಿಸುತ್ತದೆ. ಬಾಲವೈದ್ಯಕ್ಕೆ ಮೀಸಲಾದ ಕಾಶ್ಯಪಸಂಹಿತೆ ಇನ್ನೂ ಮುಂದೆ ಹೋಗಿ, ೩೨ರಲ್ಲಿ ಎಂಟು ಒಂದೇ ಸಲ ಹುಟ್ಟುವುವೆಂದೂ, ಉಳಿದುವು ಎರಡು ಸಲ ಹುಟ್ಟುವ ದ್ವಿಜಗಳೆಂದೂ ವಿಂಗಡಿಸುತ್ತದೆ. ಇಂದಿನ ಲೆಕ್ಕದ ಪ್ರಕಾರ ಒಂದೇ ಸಲ ಹುಟ್ಟುವುವು ೧೨. ಏಕೆಂದರೆ ಹಾಲುಹಲ್ಲುಗಳು ಇರುವುದು ೨೦ ಮಾತ್ರ. ಸಂಖ್ಯೆಯಲ್ಲಿ ವ್ಯತ್ಯಾಸವಿದ್ದರೂ, ಹಿಂಬದಿಯ ಹಲ್ಲುಗಳಿಗೆ ಪೂರ್ವಜರಿಲ್ಲವೆಂಬ ತತ್ತ್ವವನ್ನು ಕಂಡುಕೊಂಡಿದ್ದ ಆ ಸೂಕ್ಷ್ಮದೃಷ್ಟಿ ಮೆಚ್ಚತಕ್ಕದ್ದು.

೪. ಅಧಿಮಾಂಸವೂ ವರ್ಧನವೂ

ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಬಾಯಿಯ ರೋಗಗಳು ೬೫ ಎಂದು ಹೇಳಿದೆ. ತುಟಿಯಲ್ಲಿ ೮, ದಂತಮೂಲದಲ್ಲಿ ೧೫, ದಂತದಲ್ಲಿ ೮, ನಾಲಗೆಯಲ್ಲಿ ೫, ತಾಲುವಿನಲ್ಲಿ ೯, ಕಂಠದಲ್ಲಿ ೧೭, ಬಾಯಿ ಪೂರ್ತಿಯಾಗಿ ೩ ಎಂದು ಅವುಗಳ ವಿಂಗಡಣೆ. ದಂತಮೂಲದ ೧೫ರಲ್ಲಿ ಎರಡು ಪ್ರಕೃತ ವಿಚಾರಕ್ಕೆ ಸಂಬಂಧಪಟ್ಟುವು: ವರ್ಧನ ಮತ್ತು ಅಧಿಮಾಂಸ.

ವಾತದ ಕಾರಣದಿಂದ ತೀವ್ರವಾದ ನೋವಿನೊಡನೆ ಒಂದು ಅಧಿಕವಾದ ಹಲ್ಲು ಹುಟ್ಟುವುದೆಂದೂ, ಅದು ಹುಟ್ಟಿದ ಮೇಲೆ ನೋವು ಶಮನವಾಗುವುದೆಂದೂ ವರ್ಧನದ ಲಕ್ಷಣ. ದವಡೆಯ ಹಿಂಬದಿಯ ಹಲ್ಲಿನಲ್ಲಿ ದೊಡ್ಡ ಬಾವು, ಅತಿಯಾದ ನೋವು, ಲಾಲಾಸ್ರಾವ ಇವು ಕಫದಿಂದ ಉಂಟಾದಾಗ ಅದು ಅಧಿಮಾಂಸ. ಆಧುನಿಕ ಲೇಖಕರು ಇವೆರಡನ್ನೂ ಬುದ್ಧಿಹಲ್ಲಿನ ರೋಗಗಳೆಂದು ಒಂದೇ ಉಸಿರಿನಲ್ಲಿ ಹೇಳಿಬಿಡುವುದುಂಟು. ನಮ್ಮ ಅಭಿಪ್ರಾಯದಲ್ಲಿ ಇವೆರಡರ ಆಧಾರಬಲ ಒಂದೇ ಸಮನಲ್ಲ. ಆದಕಾರಣ ಅವುಗಳನ್ನು ಬೇರೆಬೇರೆಯಾಗಿ ಪರೀಕ್ಷಿಸುವುದು ಅವಶ್ಯಕ.

ಅಧಿಮಾಂಸದ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಮೊದಲನೆಯದಾಗಿ, ಸುಶ್ರುತನು ಸ್ಥಾನವನ್ನು ನಿರ್ದೇಶಿಸಿದ್ದಾನೆ. ಎರಡನೆಯದಾಗಿ, ವಾಗ್ಭಟನ ಅಷ್ಟಾಂಗಹೃದಯ ಈ ರೋಗವನ್ನೇ ಇನ್ನಷ್ಟು ಸ್ಪಷ್ಟವಾಗಿ ವರ್ಣಿಸುತ್ತದೆ: ಹಲ್ಲಿನ ಸಾಲಿನ ಕೊನೆಯಲ್ಲಿ ಗೂಟದಂತಹ ಬಾವು, ದವಡೆಯಲ್ಲಿಯೂ ಕಿವಿಯಲ್ಲಿಯೂ ನೋವು, ಆಹಾರ ಸೇವನೆಗೆ ಅಡ್ಡಿ. ಮೊದಲನೆಯ ಭಾಗದಲ್ಲಿ ನಾವು ಕೊಟ್ಟ ಪೆರಿಕೊರೊನೈಟಿಸ್ ಲಕ್ಷಣಗಳೊಡನೆ ಇದನ್ನು ಹೋಲಿಸಿದರೆ, ಸ್ಥಾನ, ರೂಪ, ಕಿವಿಗೆ ಹರಡುವ ನೋವು, ನುಂಗುವ ಕಷ್ಟ ಎಂಬ ನಾಲ್ಕೂ ಅಂಶಗಳು ಹೊಂದುತ್ತವೆ. ಮೂರನೆಯದಾಗಿ, ಚಿಕಿತ್ಸೆಯೂ ಇದನ್ನೇ ಸಮರ್ಥಿಸುತ್ತದೆ. ಹೆಚ್ಚಾಗಿ ಬೆಳೆದ ಮಾಂಸವನ್ನು ಕೊಯ್ದು ತೆಗೆದು, ಬಜೆ, ತೇಜೋವತಿ, ಪಾಠಾ, ಸರ್ಜಿಕ್ಷಾರ, ಯವಕ್ಷಾರ ಇವುಗಳ ಚೂರ್ಣವನ್ನು ಜೇನಿನೊಡನೆ ಲೇಪಿಸಬೇಕೆಂದೂ, ಜೇನು ಸೇರಿಸಿದ ಹಿಪ್ಪಲಿಯನ್ನು ಬಾಯಲ್ಲಿ ಹಿಡಿಯಬೇಕೆಂದೂ, ಪಟೋಲ, ತ್ರಿಫಲಾ, ಬೇವು ಇವುಗಳ ಕಷಾಯದಿಂದ ತೊಳೆಯಬೇಕೆಂದೂ ಸುಶ್ರುತನ ವಿಧಿ. ಇಂದಿನ ವೈದ್ಯನೂ ಸೂಕ್ತ ಸಂದರ್ಭಗಳಲ್ಲಿ ಹಲ್ಲಿನ ಮೇಲಣ ಒಸಡಿನ ಮುಚ್ಚಳವನ್ನು ಕತ್ತರಿಸಿ ತೆಗೆಯುತ್ತಾನೆ; ಮುಚ್ಚಳದ ಕೆಳಭಾಗವನ್ನು ಔಷಧದ ನೀರಿನಿಂದ ತೊಳೆಯುತ್ತಾನೆ.

ವರ್ಧನದ ವಿಷಯ ಹೀಗಲ್ಲ. ಹುಟ್ಟುವಾಗ ನೋವು, ಹುಟ್ಟಿದ ಮೇಲೆ ಶಾಂತಿ ಎಂಬ ಲಕ್ಷಣ ಬುದ್ಧಿಹಲ್ಲಿಗೆ ಚೆನ್ನಾಗಿ ಒಪ್ಪುತ್ತದೆಯೆಂಬುದು ನಿಜ. ಆದರೆ ಗ್ರಂಥ ಅದನ್ನು ಅಧಿಕದಂತ ಎನ್ನುತ್ತದೆ. ಶಾಸ್ತ್ರಕಾರರು ೩೨ ಹಲ್ಲುಗಳನ್ನು ಸಹಜವೆಂದು ಎಣಿಸಿರುವಾಗ, ಆ ೩೨ರಲ್ಲಿಯೇ ಬುದ್ಧಿಹಲ್ಲುಗಳು ನಾಲ್ಕೂ ಸೇರಿಹೋಗಿರುತ್ತವೆ, ಅಧಿಕವೆಂದರೆ ೩೩ನೆಯದಾಗಬೇಕು. ಅಂಥ ಹೆಚ್ಚುವರಿ ಹಲ್ಲುಗಳು ಕೆಲವರಿಗೆ ಹುಟ್ಟುವುದೂ ಉಂಟು. ಅಲ್ಲದೆ, ಈ ಹಲ್ಲನ್ನು ಕಿತ್ತು ಆ ಸ್ಥಳವನ್ನು ಅಗ್ನಿಯಿಂದ ಸುಡಬೇಕೆಂದು ಚಿಕಿತ್ಸೆಯಲ್ಲಿ ಹೇಳಿದೆ. ಹುಟ್ಟಿದೊಡನೆ ನೋವು ಶಮನವಾಗುವ ಸಹಜವಾದ ಹಲ್ಲನ್ನು ಕೀಳಬೇಕಾದ ಕಾರಣವಿಲ್ಲ. ಇದಕ್ಕೆ ಪ್ರತಿಯಾಗಿ ಒಂದು ಸಮಾಧಾನವನ್ನು ಹೇಳಬಹುದು: ೨೮ ಹಲ್ಲುಗಳು ಬಂದು ಎಷ್ಟೋ ವರ್ಷಗಳಾದ ಮೇಲೆ ಬರುವ ಹಲ್ಲು, ರೋಗಿಯ ದೃಷ್ಟಿಯಲ್ಲಿ ಅಧಿಕವೆಂದೇ ತೋರುತ್ತದೆ, ವೈದ್ಯನು ಆ ರೂಢಿಯನ್ನು ಅನುಸರಿಸಿರಬಹುದು. ಈ ಎರಡು ಪಕ್ಷಗಳನ್ನು ತೂಗಿ ನೋಡಿದಾಗ, ಅಧಿಮಾಂಸವನ್ನು ಬುದ್ಧಿಹಲ್ಲಿನ ರೋಗವೆಂದು ನಿರ್ಣಯಿಸಬಹುದೆಂದೂ, ವರ್ಧನವನ್ನು ಸಂಭಾವ್ಯವೆಂದು ಮಾತ್ರ ಹೇಳಬಹುದೆಂದೂ ನಮಗೆ ತೋರುತ್ತದೆ. ಹಳೆಯ ಗ್ರಂಥದಲ್ಲಿ ಹೊಸ ಶಾಸ್ತ್ರವೆಲ್ಲವೂ ಇದೆಯೆಂಬ ಉತ್ಸಾಹವೂ, ಏನೂ ಇಲ್ಲವೆಂಬ ತಾತ್ಸಾರವೂ ಚರಿತ್ರಕಾರನಿಗೆ ಸಮಾನವಾಗಿ ತ್ಯಾಜ್ಯವಾದುವು.

ಸುಶ್ರುತನ ಇನ್ನೊಂದು ಮಾತನ್ನು ಇಲ್ಲಿ ಸ್ಮರಿಸಬೇಕು. ಮೇಲ್ದವಡೆಯ ಹಲ್ಲು ಅಲುಗಾಡುತ್ತಿದ್ದರೂ ಅದನ್ನು ಕೀಳಬಾರದು. ಕಿತ್ತರೆ ಅತಿಯಾಗಿ ರಕ್ತ ಸುರಿದು ಕುರುಡು, ಮುಖದ ಅರ್ದಿತವಾಯು ಮೊದಲಾದ ವಿಪತ್ತುಗಳು ಒದಗುವುವೆಂದು ಅವನು ಎಚ್ಚರಿಸಿದ್ದಾನೆ. ಇಂದಿನ ಶಾಸ್ತ್ರ ಈ ನಿಷೇಧವನ್ನು ಒಪ್ಪುವುದಿಲ್ಲ. ಆದರೆ ರಕ್ತಸ್ರಾವವನ್ನು ತಡೆಯುವ ಉಪಾಯಗಳು, ಅರಿವಳಿಕೆ, ಸೋಂಕುನಿವಾರಣೆ ಯಾವುದೂ ಇಲ್ಲದ ಕಾಲದಲ್ಲಿ ಅನುಭವವೇ ಆ ಮಾತನ್ನು ನುಡಿಸಿರಬೇಕು.

೫. ಕನ್ನಡನಾಡಿನ ಪರಂಪರೆ ಮತ್ತು ನಂಜನಗೂಡು

ಈ ಅರಿವು ಕನ್ನಡನಾಡಿನಲ್ಲಿ ಸಂಸ್ಕೃತದ ಮೂಲಕವೂ ಕನ್ನಡದ ಮೂಲಕವೂ ಹರಿದುಬಂದಿತು. ಸೋಮನಾಥನ ಕಲ್ಯಾಣಕಾರಕ, ಕೀರ್ತಿವರ್ಮನ ಗೋವೈದ್ಯ, ಮಂಗರಾಜನ ಖಗೇಂದ್ರಮಣಿದರ್ಪಣ ಮೊದಲಾದ ಗ್ರಂಥಗಳು ವೈದ್ಯವನ್ನು ಕನ್ನಡದಲ್ಲಿ ಹೇಳುವ ಪದ್ಧತಿ ಎಷ್ಟು ಹಳೆಯದೆಂಬುದಕ್ಕೆ ಸಾಕ್ಷಿಗಳು. ಆದರೆ ಗ್ರಂಥದಲ್ಲಿದ್ದ ಶಸ್ತ್ರಕ್ರಿಯೆ ವೈದ್ಯರ ಕೈಯಲ್ಲಿ ಕ್ರಮೇಣ ಹಿಂದೆಬಿದ್ದು, ಚೂರ್ಣ, ಲೇಪ, ಕಷಾಯಗಳೇ ಮುಖ್ಯವಾಗಿ ಉಳಿದುವು. ೧೮೯೪ರಲ್ಲಿ ಬಿ. ಎಲ್. ರೈಸ್ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ನಂಜನಗೂಡು, ನರಸೀಪುರ ತಾಲ್ಲೂಕುಗಳ ಶಾಸನಗಳಿವೆ. ಕೆರೆ, ಗದ್ದೆ, ದೇವಸ್ವ, ವೀರಮರಣ ಇವು ಶಾಸನಗಳ ವಿಷಯ. ಒಕ್ಕಲಿಗನ ಹಲ್ಲುನೋವು ಕಲ್ಲಿನ ಮೇಲೆ ಬರೆಸುವ ವಸ್ತುವಲ್ಲ. ಆದ್ದರಿಂದ ಅದರ ಚರಿತ್ರೆಯನ್ನು ನಾವು ಬಳಕೆಯ ಪದಾರ್ಥಗಳಲ್ಲಿಯೇ ಅರಸಬೇಕಾಗುತ್ತದೆ.

ನಂಜನಗೂಡಿನ ಹೆಸರಿನಲ್ಲಿಯೇ ವೈದ್ಯದ ಭಾವವಿದೆ. ನಂಜನ್ನುಂಡು ಲೋಕವನ್ನು ಕಾಯ್ದವನು ನಂಜುಂಡ. ಟಿಪ್ಪು ಸುಲ್ತಾನನ ಪಟ್ಟದ ಆನೆಯ ಕಣ್ಣಿನ ರೋಗ ಇಲ್ಲಿಯ ದೇವರ ಅನುಗ್ರಹದಿಂದ ವಾಸಿಯಾಯಿತೆಂದೂ, ಅಂದಿನಿಂದ ಸುಲ್ತಾನನು ಸ್ವಾಮಿಯನ್ನು ಹಕೀಂ ನಂಜುಂಡ ಎಂದು ಕರೆದನೆಂದೂ ಐತಿಹ್ಯವಿದೆ. ರೋಗಿಗಳು ಗುಣವನ್ನು ಬಯಸಿ ಬರುವ ಇಂಥ ಕ್ಷೇತ್ರದಲ್ಲಿ ಔಷಧೋದ್ಯಮವೊಂದು ಬೆಳೆದುದು ಆಶ್ಚರ್ಯವಲ್ಲ. ಮೈಸೂರಿನಿಂದ ನಂಜನಗೂಡಿಗೆ ರೈಲುಮಾರ್ಗ ೧೮೯೧ರಲ್ಲಿ ತೆರೆಯಿತು. ೧೯೦೮ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮೈಸೂರಿನಲ್ಲಿ ಸರ್ಕಾರದ ಆಯುರ್ವೇದ ವಿದ್ಯಾಲಯ ಸ್ಥಾಪಿತವಾಯಿತು. ಐದು ವರ್ಷಗಳ ತರುವಾಯ, ೧೯೧೩ರಲ್ಲಿ, ವೈದ್ಯ ಬಿ. ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆಯನ್ನು ಆರಂಭಿಸಿದರು. ಅಲ್ಲಿಂದ ಹೊರಟ ಹಲ್ಲುಪುಡಿ ಊರಿನ ಹೆಸರನ್ನೇ ತನ್ನ ಹೆಸರಾಗಿ ಮಾಡಿಕೊಂಡಿತು. ರಸಬಾಳೆಯಷ್ಟೇ ಪ್ರಸಿದ್ಧಿ ಈ ಊರಿಗೆ ಹಲ್ಲುಪುಡಿಯಿಂದಲೂ ಬಂದಿತೆನ್ನಬಹುದು.

ಈ ಹಲ್ಲುಪುಡಿಯ ಐತಿಹಾಸಿಕ ಮಹತ್ತ್ವವನ್ನು ಸರಿಯಾಗಿ ಗ್ರಹಿಸಬೇಕು. ಸುಶ್ರುತಸಂಹಿತೆ ದಿನಚರಿಯನ್ನು ಹೇಳುವಲ್ಲಿ, ಹನ್ನೆರಡಂಗುಲ ಉದ್ದದ, ಕಿರುಬೆರಳಿನ ಗಾತ್ರದ ಹಲ್ಲುಕಡ್ಡಿಯನ್ನು ವಿಧಿಸಿ, ಕಹಿಯಲ್ಲಿ ಬೇವು, ಒಗರಿನಲ್ಲಿ ಕಗ್ಗಲಿ, ಸಿಹಿಯಲ್ಲಿ ಹಿಪ್ಪೆ, ಖಾರದಲ್ಲಿ ಹೊಂಗೆ ಶ್ರೇಷ್ಠವೆಂದು ನುಡಿದು, ತ್ರಿಕಟು, ಸೈಂಧವಲವಣ, ಜೇನು ಮೊದಲಾದುವು ಬೆರೆತ ದಂತಶೋಧನ ಚೂರ್ಣವನ್ನೂ ಹೇಳುತ್ತದೆ. ಒಸಡಿಗೆ ಗಾಯವಾಗದಂತೆ ಒಂದೊಂದೇ ಹಲ್ಲನ್ನು ಉಜ್ಜಬೇಕೆಂಬ ಎಚ್ಚರಿಕೆಯೂ ಅಲ್ಲಿದೆ. ಹಳ್ಳಿಗಳಲ್ಲಿ ಇದ್ದಿಲು, ಉಪ್ಪು, ಬೇವಿನ ಕಡ್ಡಿಗಳೇ ಸಾಧನವಾಗಿದ್ದುವು. ಪೊಟ್ಟಣದಲ್ಲಿ ಕಟ್ಟಿ ಮಾರುವ ಪುಡಿ ಬಂದಾಗ, ಮನೆಯ ಅಡ್ಡಕಸುಬಾಗಿದ್ದುದು ಒಂದೇ ಹದದ, ಎಲ್ಲೆಡೆ ದೊರೆಯುವ ಪದಾರ್ಥವಾಯಿತು. ಶಾಸ್ತ್ರದ ಚೂರ್ಣಕಲ್ಪನೆ, ವಿದ್ಯಾಲಯದ ಶಿಕ್ಷಣ, ರೈಲಿನ ಸಾಗಣೆ ಈ ಮೂರರ ಕೂಟದಲ್ಲಿ ಇದನ್ನು ಕಾಣಬೇಕೆಂದು ನಮ್ಮ ಅಭಿಪ್ರಾಯ.

ಆದರೆ ಯಾವ ಹಲ್ಲುಪುಡಿಗೂ ಒಂದು ಮೇರೆಯುಂಟು. ಪುಡಿ, ಹಲ್ಲುಕಡ್ಡಿ, ಕುಂಚ ಇವು ಹಲ್ಲಿನ ತೋರುವ ಮೈಯನ್ನು ಶುಚಿ ಮಾಡುತ್ತವೆ. ಬೆರಳು ಕಡೆಯ ದವಡೆಹಲ್ಲಿನ ಹಿಂಬದಿಗೆ ಮುಟ್ಟುವುದು ಕಷ್ಟ. ಒಸಡಿನ ಮುಚ್ಚಳದ ಕೆಳಗೆ ಅದು ಹೋಗುವುದೇ ಇಲ್ಲ. ನಿತ್ಯದ ಶುದ್ಧಿ ರೋಗವನ್ನು ದೂರವಿಡಲು ನೆರವಾದೀತು. ಆದರೆ ಸಿಲುಕಿದ ಹಲ್ಲಿಗೆ ಅದು ಚಿಕಿತ್ಸೆಯಲ್ಲ. ಸುಶ್ರುತನೂ ದಂತಶೋಧನವನ್ನು ದಿನಚರಿಯಲ್ಲಿಯೂ ಅಧಿಮಾಂಸವನ್ನು ಶಸ್ತ್ರಚಿಕಿತ್ಸೆಯಲ್ಲಿಯೂ ಬೇರೆಬೇರೆಯಾಗಿಯೇ ಇಟ್ಟಿದ್ದಾನೆ. ಶಸ್ತ್ರ ಕೈಬಿಟ್ಟುಹೋಗಿ ಚೂರ್ಣ ಮಾತ್ರ ಉಳಿದಾಗ, ಈ ಎರಡು ಪ್ರಕರಣಗಳ ನಡುವಣ ಗೆರೆ ಜನರ ಮನಸ್ಸಿನಲ್ಲಿ ಅಳಿಸಿಹೋಯಿತು.

೬. ಅಳಿದ ಗೆರೆಯ ಬೆಲೆ

ಈ ಗೆರೆ ಅಳಿಸಿದುದರ ಬೆಲೆ ಅಲ್ಪವಲ್ಲ. ಕೆಳದವಡೆಯ ಎರಡನೆಯ ಮತ್ತು ಮೂರನೆಯ ದವಡೆಹಲ್ಲುಗಳ ಬೇರಿನ ತುದಿಗಳು ಬಾಯಿಯ ತಳವನ್ನು ಹೊತ್ತ ಸ್ನಾಯುವಿನ ಅಂಟುಗೆರೆಗಿಂತ ಕೆಳಗಿರುತ್ತವೆ. ಆದ್ದರಿಂದ ಅಲ್ಲಿಯ ಕೀವು ಬಾಯೊಳಕ್ಕೆ ಒಡೆಯದೆ, ದವಡೆಯ ಕೆಳಗೆ ಕೊರಳಿನತ್ತ ಇಳಿಯುತ್ತದೆ. ಎರಡು ಕಡೆಯೂ ಬಾವು ಹಬ್ಬಿ ನಾಲಗೆಯನ್ನು ಮೇಲಕ್ಕೆತ್ತಿ ಉಸಿರನ್ನು ಕಟ್ಟುವ ಭಯಂಕರ ಸ್ಥಿತಿಯನ್ನು ೧೮೩೬ರಲ್ಲಿ ಜರ್ಮನಿಯ ಲುಡ್ವಿಗ್ ಎಂಬ ವೈದ್ಯನು ವರ್ಣಿಸಿದನು. ಅವನ ಹೆಸರಿನಿಂದಲೇ ಅದು ಪ್ರಸಿದ್ಧವಾಗಿದೆ. ಹಲ್ಲುನೋವಿನಿಂದ ಯಾರೂ ಸಾಯುವುದಿಲ್ಲವೆಂಬ ಜನರ ನಂಬಿಕೆ ಸುಳ್ಳಾಗುವುದು ಇಲ್ಲಿಯೇ. ಪೆನಿಸಿಲಿನ್ ೧೯೪೦ರ ದಶಕದಲ್ಲಿ ಬಳಕೆಗೆ ಬರುವ ಮುನ್ನ ಇದು ಬಹುಮಟ್ಟಿಗೆ ಮಾರಕವಾಗಿತ್ತು. ಇಂದಿಗೂ ಬಾಯಿ ತೆರೆಯಲಾಗದಿರುವುದು, ಕೊರಳಿನಲ್ಲಿ ಬಾವು, ಜ್ವರ, ನುಂಗಲಾಗದಿರುವುದು ಇವು ಕಂಡಕೂಡಲೇ ರೋಗಿ ಆಸ್ಪತ್ರೆಗೆ ಹೋಗತಕ್ಕದ್ದು.

ಚಿಕಿತ್ಸೆಯ ಮಾರ್ಗ ಸುಗಮವಾದುದು ಈಚಿನ ಎರಡು ಶತಮಾನಗಳಲ್ಲಿ. ೧೮೪೪ರಲ್ಲಿ ಹೊರೇಸ್ ವೆಲ್ಸ್ ನಗೆಯನಿಲದ ಅರಿವಳಿಕೆಯಲ್ಲಿ ತನ್ನ ಹಲ್ಲನ್ನೇ ಕೀಳಿಸಿಕೊಂಡನು. ೧೮೯೫ರಲ್ಲಿ ರಾಂಟ್‌ಗನ್ ಕಂಡುಹಿಡಿದ ಕ್ಷ-ಕಿರಣ ಮೂಳೆಯಲ್ಲಿ ಅಡಗಿದ ಹಲ್ಲನ್ನು ಕಣ್ಣಿಗೆ ತೋರಿಸಿತು. ೧೯೦೫ರಲ್ಲಿ ಪ್ರೊಕೇನ್, ೧೯೪೩ರಲ್ಲಿ ಲಿಡೊಕೇನ್ ಬಂದು ದವಡೆಯನ್ನಷ್ಟೇ ಮರಗಟ್ಟಿಸುವುದು ಸಾಧ್ಯವಾಯಿತು. ನಮ್ಮ ಸೀಮೆಗೆ ಈ ವಿದ್ಯೆ ಮೆಲ್ಲನೆ ಬಂದಿತು. ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು ೧೯೩೦ರಲ್ಲಿ ಮೈಸೂರಿಗೆ ಸ್ಥಳಾಂತರವಾಯಿತು. ದಂತವೈದ್ಯರ ಅಧಿನಿಯಮ ೧೯೪೮ರಲ್ಲಿ ಜಾರಿಗೆ ಬಂದಿತು. ಬೆಂಗಳೂರಿನ ಸರ್ಕಾರಿ ದಂತವೈದ್ಯಕೀಯ ಕಾಲೇಜು ೧೯೫೮ರಲ್ಲಿಯೂ, ಮೈಸೂರಿನ ಜೆ.ಎಸ್.ಎಸ್. ದಂತವೈದ್ಯಕೀಯ ಕಾಲೇಜು ೧೯೮೬ರಲ್ಲಿಯೂ ಸ್ಥಾಪಿತವಾದುವು. ಹಲ್ಲುಪುಡಿ ಹಳ್ಳಿಗೆ ಬಂದುದಕ್ಕೂ ದಂತವೈದ್ಯಕೀಯ ಕಾಲೇಜು ಜಿಲ್ಲೆಗೆ ಬಂದುದಕ್ಕೂ ನಡುವೆ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಅಂತರವಿದೆಯೆಂಬುದನ್ನು ವಾಚಕರು ಗಮನಿಸಬೇಕು.

ಎಲ್ಲ ಬುದ್ಧಿಹಲ್ಲುಗಳನ್ನೂ ಕೀಳಬೇಕೆಂಬ ಅಭಿಪ್ರಾಯವೂ ಸಾಧುವಲ್ಲ. ತುಟಿಯ ಮತ್ತು ನಾಲಗೆಯ ನರಗಳಿಗೆ ಪೆಟ್ಟಾಗುವ ಸಂಭವವನ್ನು ಲೆಕ್ಕಿಸಿ, ರೋಗವಿಲ್ಲದ ಸಿಲುಕಿದ ಹಲ್ಲನ್ನು ಮುನ್ನೆಚ್ಚರಿಕೆಗಾಗಿ ಮಾತ್ರವೇ ತೆಗೆಯಕೂಡದೆಂದು ಇಂಗ್ಲೆಂಡಿನ ಆರೋಗ್ಯ ಸಂಸ್ಥೆ ೨೦೦೦ದಲ್ಲಿ ಸೂಚನೆ ನೀಡಿತು. ಆ ಬಗೆಗೆ ವೈದ್ಯರಲ್ಲಿ ಇಂದೂ ಚರ್ಚೆಯಿದೆ. ಕೀಳಬೇಕೆ ಬೇಡವೆ ಎಂಬುದು ಪರೀಕ್ಷೆಯಿಂದ ನಿರ್ಣಯಿಸಬೇಕಾದ ವಿಷಯ.

೭. ನ್ಯಾಯಸ್ಥಾನದಲ್ಲಿ ಹಲ್ಲಿನ ಸಾಕ್ಷ್ಯ

ಹಲ್ಲಿನಿಂದ ವಯಸ್ಸನ್ನು ತಿಳಿಯುವ ಕ್ರಮ ಸಮಾಧಿಯಿಂದ ನ್ಯಾಯಸ್ಥಾನಕ್ಕೂ ಬಂದಿದೆ. ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ಎಳೆಯ ಮಕ್ಕಳ ದುಡಿತವನ್ನು ೧೮೩೩ರ ಶಾಸನ ನಿರ್ಬಂಧಿಸಿದಾಗ, ವಯಸ್ಸಿಗೆ ಹಲ್ಲೇ ನಂಬತಕ್ಕ ಸಾಕ್ಷಿಯೆಂದು ಎಡ್ವಿನ್ ಸಾಂಡರ್ಸ್ ೧೮೩೭ರಲ್ಲಿ ಪ್ರತಿಪಾದಿಸಿದನು. ಮೈಸೂರು ಸಂಸ್ಥಾನ ೧೮೯೪ರಲ್ಲಿಯೇ ಎಂಟು ವರ್ಷಕ್ಕೆ ಕೆಳಗಿನ ಹುಡುಗಿಯರ ವಿವಾಹವನ್ನು ನಿಷೇಧಿಸಿತು. ಜನನದ ದಾಖಲೆ ಇಲ್ಲದ ಸಮಾಜದಲ್ಲಿ ಇಂಥ ಕಾನೂನಿಗೆ ವಯೋನಿರ್ಣಯವೇ ಮೊದಲ ತೊಡಕು. ಬಾಲ್ಯದ ವಯಸ್ಸಿಗೆ ಮೊದಲ ಎರಡು ದವಡೆಹಲ್ಲುಗಳು ತಕ್ಕಮಟ್ಟಿಗೆ ನೆರವಾಗುತ್ತವೆ. ಆದರೆ ಇಂದು ಮುಖ್ಯವಾದ ೧೮ ವರ್ಷದ ಗಡಿಗೆ ಬುದ್ಧಿಹಲ್ಲು ನಿಖರವಾದ ಸಾಕ್ಷಿಯಲ್ಲ. ೧೭ರಲ್ಲಿ ಬರಬಹುದಾದುದು, ೨೫ರಲ್ಲಿ ಬರಬಹುದಾದುದು, ಬಾರದೆಯೂ ಇರಬಹುದಾದುದು ಒಬ್ಬನ ಸ್ವಾತಂತ್ರ್ಯವನ್ನು ಏಕಾಂಗಿಯಾಗಿ ನಿರ್ಣಯಿಸಲಾರದು. ೨೦೧೫ರ ಬಾಲನ್ಯಾಯ ಅಧಿನಿಯಮ ಶಾಲೆಯ ಮತ್ತು ಜನನದ ದಾಖಲೆಗಳಿಗೆ ಮೊದಲ ಸ್ಥಾನವನ್ನಿತ್ತು, ವೈದ್ಯಕೀಯ ಪರೀಕ್ಷೆಯನ್ನು ಅವುಗಳ ಅಭಾವದಲ್ಲಿ ಮಾತ್ರ ಅವಲಂಬಿಸಿರುವುದು ಯುಕ್ತವಾಗಿದೆ.

೮. ಉಪಸಂಹಾರ

ಮೇಲಣ ವಿವೇಚನೆಯಿಂದ ಮೂರು ಅಂಶಗಳು ಫಲಿಸುತ್ತವೆ. ಕಡೆಯ ದವಡೆಹಲ್ಲಿನ ಬಾವನ್ನು ನಮ್ಮ ಪ್ರಾಚೀನ ವೈದ್ಯರು ಅಧಿಮಾಂಸವೆಂಬ ಹೆಸರಿನಿಂದ ಖಚಿತವಾಗಿ ಬಲ್ಲವರಾಗಿದ್ದು, ಅದಕ್ಕೆ ಶಸ್ತ್ರಚಿಕಿತ್ಸೆಯನ್ನೇ ವಿಧಿಸಿದ್ದರು. ವರ್ಧನದ ವಿಷಯದಲ್ಲಿ ಅಷ್ಟು ದೃಢವಾಗಿ ಹೇಳಲಾಗದು. ನಂಜನಗೂಡಿನ ಹಲ್ಲುಪುಡಿ ಆ ಪರಂಪರೆಯ ದಿನಚರಿಯ ಭಾಗವನ್ನು ಜನಸಾಮಾನ್ಯರಿಗೆ ತಲಪಿಸಿತು. ಶಸ್ತ್ರದ ಭಾಗ ಬೇರೊಂದು ಮಾರ್ಗದಿಂದ, ಬಹಳ ತಡವಾಗಿ, ಮರಳಿ ಬಂದಿತು. ನರಸೀಪುರದ ಸಮಾಧಿಗಳು ಈ ಹಲ್ಲಿನ ತೊಂದರೆಗೂ ನಮ್ಮ ಆಹಾರಕ್ಕೂ ಇರುವ ಸಂಬಂಧವನ್ನು ವಿಚಾರಿಸಲು ಅವಕಾಶವೀಯುತ್ತವೆ.

ಈ ವ್ಯಾಸಂಗವನ್ನು ಮುಂದುವರಿಸಲು ತರುಣ ವಿದ್ಯಾರ್ಥಿಗಳಿಗೆ ವಿಪುಲವಾದ ಅವಕಾಶವಿದೆ. ೧೮೯೧ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ಹಸ್ತಪ್ರತಿಗಳಲ್ಲಿ ಮುಖರೋಗ ಪ್ರಕರಣಗಳನ್ನು ಹುಡುಕಿ ಹೋಲಿಸಬಹುದು. ಉತ್ಖನನದ ದವಡೆಗಳನ್ನು ದಂತಶಾಸ್ತ್ರಜ್ಞರೊಡನೆ ಕೂಡಿ ಪರೀಕ್ಷಿಸಬಹುದು. ಹಲ್ಲಿಗೂ ಒಸಡಿಗೂ ಸಂಬಂಧಿಸಿದ ಹಳ್ಳಿಯ ಮಾತುಗಳನ್ನು ಅವು ಮರೆಯಾಗುವ ಮುನ್ನ ಬರೆದಿಡಬಹುದು. ಚರಿತ್ರೆ, ವೈದ್ಯ, ಪುರಾತತ್ತ್ವ ಎಂಬ ಮೂರು ಶಾಖೆಗಳವರು ಒಂದೆಡೆ ಕುಳಿತು ಮಾಡಬೇಕಾದ ಕಾರ್ಯವಿದು. ಅಂಥ ಸಹಕಾರಕ್ಕೆ ಈ ಲೇಖನ ಅಲ್ಪಮಟ್ಟಿಗಾದರೂ ಪ್ರೇರಕವಾದರೆ ನಮ್ಮ ಶ್ರಮ ಸಾರ್ಥಕವಾಯಿತೆಂದು ಭಾವಿಸುತ್ತೇವೆ.